ವಿಂಡೋಸ್ ನೆಲದಲ್ಲಿ ಯುನಿಕ್ಸ್ ಶೆಲ್

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2010ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ನಾಲ್ಕನೇ ಸೆಮಿಸ್ಟರಿಗೆ ‘ಯುನಿಕ್ಸ್ ಅಂಡ್ ಶೆಲ್ ಪ್ರೋಗ್ರಾಮಿಂಗ್’ ಒಂದು ವಿಷಯವಾಗಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಸ್ಸು ಹಿಡಿದು ಹಾಸನಕ್ಕೆ ಓದಲು ಬರುವ ಮಕ್ಕಳು ಅದನ್ನು ಲ್ಯಾಬಿನಲ್ಲಿ ಕಲಿಯಬಹುದಿತ್ತು. ಮನೆಯಲ್ಲೋ ಸೈಬರ್ ಕೆಫೆಯಲ್ಲೋ ಸಿಗುತ್ತಿದ್ದ ಯಂತ್ರದಲ್ಲಿ ಮಾತ್ರ ಬಹುಮಟ್ಟಿಗೆ ವಿಂಡೋಸ್. ಪರೀಕ್ಷೆ ಕೇಳುವುದು ಒಂದು, ಕೈಗೆ ಎಟಕುವುದು ಇನ್ನೊಂದು. ಈ ಅಂತರ ತುಂಬುವ ಕೆಲಸಕ್ಕೆ ಹೆಚ್ಚುಕಡಿಮೆ ಐವತ್ತು ವರ್ಷಗಳ ಚರಿತ್ರೆಯಿದೆ.

ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಮೊಳೆತ ಯುನಿಕ್ಸ್‌ನ ಜಾಣ್ಮೆ ಇರುವುದು ಅದರ ಸಣ್ಣ ಸಣ್ಣ ಸಲಕರಣೆಗಳಲ್ಲಿ. ಗ್ರೆಪ್ ಹುಡುಕುತ್ತದೆ, ಸಾರ್ಟ್ ವಿಂಗಡಿಸುತ್ತದೆ, ಡಬ್ಲ್ಯೂಸಿ ಎಣಿಸುತ್ತದೆ; 1973ರಲ್ಲಿ ಬಂದ ಪೈಪ್ ಒಂದರ ಫಲವನ್ನು ಇನ್ನೊಂದಕ್ಕೆ ಹರಿಸುತ್ತದೆ. ಇವನ್ನು ಕಂಡವರಿಗೆ ತಮ್ಮ ಯಂತ್ರದಲ್ಲೂ ಇವು ಬೇಕೆನಿಸಿತು. ಕೆರ್ನಿಘನ್ ಮತ್ತು ಪ್ಲಾಗರ್ 1976ರಲ್ಲಿ ‘ಸಾಫ್ಟ್‌ವೇರ್ ಟೂಲ್ಸ್’ ಪುಸ್ತಕದಲ್ಲಿ ಇಂಥ ಸಲಕರಣೆಗಳನ್ನು ರ‍್ಯಾಟ್‌ಫರ್ ಭಾಷೆಯಲ್ಲಿ ಬರೆದು ತೋರಿಸಿದರು. ರ‍್ಯಾಟ್‌ಫರ್ ಫೋರ್ಟ್ರಾನ್ ಆಗಿ ಮಾರ್ಪಡುತ್ತಿತ್ತು, ಫೋರ್ಟ್ರಾನ್ ಎಲ್ಲ ಕಡೆ ಇತ್ತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಡೆನಿಸ್ ಹಾಲ್, ಡೆಬೋರಾ ಷೆರರ್, ಜೋಸೆಫ್ ಸ್ವೆಂಟೆಕ್ ಆ ಹಾದಿಯಲ್ಲೇ ನಡೆದು, ಕೆಳಗೆ ಯಾವ ವ್ಯವಸ್ಥೆಯಿದ್ದರೂ ಮೇಲೆ ಕಮಾಂಡ್ ಸ್ವೀಕರಿಸುವ ಒಂದೇ ಬಗೆಯ ಶೆಲ್ ಕಾಣುವಂತೆ ಮಾಡಿ 1980ರಲ್ಲಿ ಪ್ರಬಂಧ ಪ್ರಕಟಿಸಿದರು. ಈ ಕ್ಷೇತ್ರದ ಮೂಲ ಕಲ್ಪನೆ ಅವರದೇ ಎಂದು ನಾನು ನಂಬುತ್ತೇನೆ. ಆ ಮನ್ನಣೆ ಅವರಿಗೆ ಸಾಕಷ್ಟು ಸಿಕ್ಕಿಲ್ಲ.

ಪಿಸಿ ಯುಗದಲ್ಲಿ ಕೆನಡಾದ ಮಾರ್ಟಿಸ್ ಕರ್ನ್ ಸಿಸ್ಟಮ್ಸ್ 1985ರಲ್ಲಿ ಎಂಕೆಎಸ್ ಟೂಲ್‌ಕಿಟ್ ತಂದು ಡಾಸ್‌ನಲ್ಲೂ ಕಾರ್ನ್ ಶೆಲ್ ಓಡಿಸಿತು. ಅದು ದುಡ್ಡು ಕೊಟ್ಟು ಕೊಳ್ಳಬೇಕಾದ ಸರಕು. ಎಲ್ಲರ ಕೈಗೂ ಎಟುಕಿದ್ದು 1995ರಲ್ಲಿ ಸಿಗ್ನಸ್ ಸಂಸ್ಥೆಯ ಸ್ಟೀವ್ ಚೇಂಬರ್ಲೇನ್ ಆರಂಭಿಸಿದ ಸಿಗ್ವಿನ್.

ಸಿಗ್ವಿನ್‌ನ ಒಳಗನ್ನು ಸ್ವಲ್ಪ ನಿಂತು ನೋಡಬೇಕು. ಸಲಕರಣೆಗಳನ್ನು ಒಂದೊಂದಾಗಿ ತಿದ್ದುವ ಬದಲು, ಯುನಿಕ್ಸ್ ಕರೆಗಳನ್ನು ವಿಂಡೋಸ್ ಕರೆಗಳಾಗಿಸುವ ಒಂದು ಡಿಎಲ್ಎಲ್ ಲೈಬ್ರರಿಯನ್ನು ನಡುವೆ ಇಟ್ಟರು. ಮೂಲ ಕಾರ್ಯಕ್ರಮವನ್ನು ಬಹುತೇಕ ಹಾಗೆಯೇ ಕಂಪೈಲ್ ಮಾಡಿದರೆ ಸಾಕು. ತೊಡಕಾದದ್ದು ಫೋರ್ಕ್. ಯುನಿಕ್ಸ್‌ನಲ್ಲಿ ಓಡುತ್ತಿರುವ ಕಾರ್ಯಕ್ರಮ ತನ್ನದೇ ಪ್ರತಿಯನ್ನು ಹುಟ್ಟಿಸುತ್ತದೆ. ಶೆಲ್ ಬದುಕುವುದೇ ಇದರಿಂದ. ವಿಂಡೋಸ್‌ಗೆ ಹೊಸ ಕಾರ್ಯಕ್ರಮ ಆರಂಭಿಸುವುದು ಗೊತ್ತು, ಇದ್ದದ್ದನ್ನು ಕವಲೊಡೆಸುವ ಸುಲಭದ ದಾರಿ ಇಲ್ಲ. ಹಾಗಾಗಿ ಸಿಗ್ವಿನ್ ಹೊಸ ಪ್ರಕ್ರಿಯೆಯನ್ನು ತಡೆದು ನಿಲ್ಲಿಸಿ, ತಾಯಿ ಪ್ರಕ್ರಿಯೆಯ ನೆನಪನ್ನೆಲ್ಲ ಅದಕ್ಕೆ ನಕಲು ಮಾಡುತ್ತದೆ. ಸಾವಿರಾರು ಚಿಕ್ಕ ಪ್ರಕ್ರಿಯೆಗಳನ್ನು ಹುಟ್ಟಿಸುವ ಸ್ಕ್ರಿಪ್ಟ್ ಅಲ್ಲಿ ತೆವಳುವುದು ಇದಕ್ಕೇ. ಇದರ ಜೊತೆಗೆ ಸಾಲಿನ ಕೊನೆಯ ಗುರುತು ಬೇರೆ, ಓರೆಗೆರೆಯ ದಿಕ್ಕು ಬೇರೆ, ಡ್ರೈವಿಗೆ ಅಕ್ಷರದ ಹೆಸರು ಬೇರೆ. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್, ಕಣ್ಣಿಗೆ ಕಾಣದ ಒಂದು ಗುರುತಿನಿಂದಾಗಿ ಓಡದೆ ನಿಂತು ಎಷ್ಟೋ ವಿದ್ಯಾರ್ಥಿಗಳನ್ನು ಕಂಗೆಡಿಸಿದೆ.

ಇದೇ ಕಾಲದಲ್ಲಿ, ಇದೇ ಉದ್ದೇಶಕ್ಕೆ, ಡೇವಿಡ್ ಕಾರ್ನ್ ಅವರ ಯುವಿನ್, ಸಾಫ್ಟ್‌ವೇ ಸಿಸ್ಟಮ್ಸ್‌ನ ಇಂಟರಿಕ್ಸ್ ಬಂದವು; ಎರಡನೆಯದನ್ನು ಮೈಕ್ರೋಸಾಫ್ಟ್ 1999ರಲ್ಲಿ ಕೊಂಡಿತು. ನಮ್ಮಲ್ಲಿ ಇನ್ನೊಂದು ದಾರಿ ತೆರೆಯಿತು. ಬೆಂಗಳೂರಿನ ಅತುಲ್ ಚಿಟ್ನಿಸ್ ಮುಂದೆ ನಿಂತು, 1990ರ ದಶಕದ ಉತ್ತರಾರ್ಧದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಯುನಿಕ್ಸ್ ಬಗೆಯ ಲಿನಕ್ಸ್ ವ್ಯವಸ್ಥೆಯ ಸಿಡಿ ಹಂಚಿಸಿದರು. ಇಂಟರ್ನೆಟ್ ತೆವಳುತ್ತಿದ್ದ ದಿನಗಳಲ್ಲಿ ಇಡೀ ವ್ಯವಸ್ಥೆ ಅಂಚೆಯಲ್ಲಿ ಊರಿಗೆ ಬರುವಂತಾದದ್ದು ದೊಡ್ಡ ಉಪಕಾರ.

ಮೈಕ್ರೋಸಾಫ್ಟ್ 2016ರಲ್ಲಿ ವಿಂಡೋಸ್ 10ರೊಳಗೇ ಉಬುಂಟು ಲಿನಕ್ಸಿನ ಬ್ಯಾಶ್ ಶೆಲ್ ತಂದಿತು. ಮೊದಲ ಆವೃತ್ತಿ ಲಿನಕ್ಸ್ ಕರೆಗಳನ್ನು ಅನುವಾದಿಸುತ್ತಿತ್ತು. 2019ರಲ್ಲಿ ಘೋಷಿಸಿ 2020ರಲ್ಲಿ ಎಲ್ಲರಿಗೂ ಕೊಟ್ಟ ಎರಡನೆಯದು ಅನುವಾದವನ್ನೇ ಬಿಟ್ಟು, ಹಗುರ ವರ್ಚುವಲ್ ಯಂತ್ರದಲ್ಲಿ ನಿಜವಾದ ಲಿನಕ್ಸ್ ಕರ್ನೆಲ್ ಓಡಿಸುತ್ತದೆ. ಬೆಲೆ ಇಲ್ಲದಿಲ್ಲ: ಲಿನಕ್ಸ್ ಕಡೆಯಿಂದ ವಿಂಡೋಸ್ ಡ್ರೈವಿನ ಫೈಲು ಮುಟ್ಟಿದರೆ ನಿಧಾನ. ಆದರೂ ಇವತ್ತು ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಲ್ಯಾಪ್‌ಟಾಪ್ ಇಲ್ಲದವರಿಗೆ ಆಂಡ್ರಾಯ್ಡ್ ಫೋನಿನ ಟರ್ಮಕ್ಸ್ ಆ್ಯಪ್ ಇದೆ. ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮೊದಲ ಕಂಪ್ಯೂಟರ್ ಫೋನೇ. ಎದುರು ದಿಕ್ಕಿನ ಪಯಣವೂ ನಡೆದಿದೆ: ವಿಂಡೋಸ್‌ನ ಪವರ್‌ಶೆಲ್ 2016ರಲ್ಲೇ ಲಿನಕ್ಸಿಗೆ ಬಂತು.

ಕನ್ನಡದ ಮಟ್ಟಿಗೆ ಕೆಲಸ ಇನ್ನೂ ಅರ್ಧದಲ್ಲಿದೆ. ಯುನಿಕ್ಸ್ ಸಲಕರಣೆಗಳು ಹುಟ್ಟಿದ್ದು ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ನಂಬಿಕೆಯಲ್ಲಿ. ‘ಹಾಸನ’ ಎಂದು ಬರೆದರೆ ನಮಗೆ ಮೂರು ಅಕ್ಷರ, ಯುನಿಕೋಡ್‌ಗೆ ನಾಲ್ಕು ಸಂಕೇತ, ಯುಟಿಎಫ್-8ರಲ್ಲಿ 12 ಬೈಟ್, ವಿಂಡೋಸ್ ಒಳಗೆ ಬಳಸುವ ಯುಟಿಎಫ್-16ರಲ್ಲಿ 8. ಎಣಿಸುವ ಸಲಕರಣೆ ಯಾವುದನ್ನು ಹೇಳಬೇಕು? ಪ್ರತಿ ಸಂಕೇತಕ್ಕೂ ಸಮ ಅಗಲದ ಚೌಕ ಕೊಡುವ ಟರ್ಮಿನಲ್‌ಗಳಲ್ಲಿ ಒತ್ತಕ್ಷರ, ಗುಣಿತಗಳು ಒಡೆದು ಕಾಣುತ್ತವೆ.

ವಿಂಗಡಣೆಯ ಗೋಜಲು ಕಣ್ಣಿಗೆ ಬೀಳದಿರುವುದರಿಂದ ಹೆಚ್ಚು ಅಪಾಯದ್ದು. ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಯುನಿಕೋಡ್ ಅದನ್ನು ಲ ಮತ್ತು ವ ನಡುವೆ ಕೂರಿಸಿದೆ. ಸಾರ್ಟ್‌ಗೆ ಭಾಷೆ ಯಾವುದೆಂದು ಹೇಳದೆ ಊರುಗಳ ಪಟ್ಟಿ ಕೊಟ್ಟರೆ ಅದು ಸಂಕೇತ ಸಂಖ್ಯೆಯನ್ನಷ್ಟೇ ನೋಡುತ್ತದೆ. ಆಗ ಬಳ್ಳಾರಿ ಮೊದಲು ಬರುತ್ತದೆ, ಅರಕಲಗೂಡು ತಾಲ್ಲೂಕಿನ ಬಸವಾಪಟ್ಟಣ ಆಮೇಲೆ. ನಮ್ಮ ನಿಘಂಟುಗಳ ಕ್ರಮ ಇದಕ್ಕೆ ಉಲ್ಟಾ. ಕನ್ನಡದ ಲೊಕೇಲ್ (ಭಾಷಾ ಹೊಂದಿಕೆ) ಸ್ಥಾಪಿಸಿ ಅದನ್ನು ಆರಿಸಿಕೊಳ್ಳುವ ಹೆಜ್ಜೆಯನ್ನು ಲ್ಯಾಬಿನ ಮೊದಲ ವಾರದಲ್ಲೇ ಕಲಿಸಬಹುದು. ಅದಕ್ಕೆ ಬೇಕಾಗುವುದು ಮೂರು ನಾಲ್ಕು ಕಮಾಂಡ್, ಮತ್ತು ಅಭ್ಯಾಸಕ್ಕೆ ಜಿಲ್ಲೆಯ ಊರುಗಳ ಹೆಸರಿರುವ ಒಂದು ಕನ್ನಡ ಫೈಲು.