ಕಂಸಾಳೆಯ ಏಟು, ತಂಬೂರಿಯ ಶ್ರುತಿ

ತಂಬೂರಿ ಮೀಟಿ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರನ್ನೂ, ಕಂಸಾಳೆಯೆಂಬ ಕಂಚಿನ ತಾಳ ಹಿಡಿದು ಮಲೆ ಮಾದಪ್ಪನ ಪದ ಹಾಡುವ ದೇವರಗುಡ್ಡರನ್ನೂ ಸೋಮನಾಥಪುರದ ಸುತ್ತಲ ಊರುಗಳಲ್ಲಿ ರೆಕಾರ್ಡ್ ಮಾಡಿ ತಿದ್ದುವುದು ನನ್ನ ಕಸುಬು.

ಮೊದಲು ಈ ತಿದ್ದುವ ಮಾತೇ ಇರಲಿಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದಾಗ, ಮೈಕಿನ ಮುಂದೆ ಹಾಡುವವರು ಕೆಮ್ಮಿದರೆ ಕೆಮ್ಮೂ ಕೇಳುಗರ ಮನೆ ಸೇರುತ್ತಿತ್ತು. ಆಮೇಲೆ ಟೇಪು ಬಂತು, ಜೊತೆಗೆ ಬ್ಲೇಡು. ರೀಲನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ, ಸೊಲ್ಲು ಏಳುವ ಜಾಗ ಹಿಡಿದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಓರೆಯಾಗಿ ಕೊಯ್ದು ಅಂಟಿಸಬೇಕು. ಸೆಕೆಂಡಿಗೆ 7.5 ಇಂಚು ಓಡುವ ಟೇಪಿನಲ್ಲಿ ಒಂದಿಂಚು ಹೆಚ್ಚು ಕೊಯ್ದರೆ ಒಂದು ಅಕ್ಷರವೇ ಹೋಯಿತು. ಹಾಗಾಗಿ ಕೈಗೆ ಭಯವಿತ್ತು.

ಕ್ಯಾಸೆಟ್ ಕಾಲದ ಕತ್ತರಿ ಇನ್ನೂ ನಿರ್ದಯ. 60 ನಿಮಿಷದ ಕ್ಯಾಸೆಟ್ಟಿಗೆ ಮಗ್ಗುಲೊಂದಕ್ಕೆ 30 ನಿಮಿಷ. ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಥೆ ಅದರೊಳಗೆ ಹಿಡಿಯಬೇಕು! ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋದದ್ದು ಉಳಿಯುತ್ತಿತ್ತು. ಹಿಮ್ಮೇಳ ಮತ್ತೆ ಮತ್ತೆ ಎಳೆಯುವ ಸೊಲ್ಲು ಹೋಗುತ್ತಿತ್ತು. ಮುಂದಿನ ಸಾಲು ಕಟ್ಟಿಕೊಳ್ಳಲು ಹಾಡುಗಾರನಿಗೆ ಬಿಡುವು ಸಿಗುವುದೇ ಆ ಸೊಲ್ಲಿನಲ್ಲಿ.

ಈಗ ಕಂಪ್ಯೂಟರಿನಲ್ಲಿ ಕತ್ತರಿಸಿದ್ದು ಕೀಲಿ ಒತ್ತಿದರೆ ಮರಳುತ್ತದೆ. ಸಿ.ಡಿ. ಮಟ್ಟದ ರೆಕಾರ್ಡಿಂಗಿನಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿ ಮಾಡಿಡಲಾಗುತ್ತದೆ. ಅದರಲ್ಲಿ ಹಾಡು ಯಾವುದು, ಗದ್ದಲ ಯಾವುದು ಎಂದು ಹೇಳಬೇಕಾದವರು ನಾವು. ನಾಯ್ಸ್ ರಿಡಕ್ಷನ್‌ಗೆ ಹಾಡಿಲ್ಲದ ತುಣುಕೊಂದನ್ನು ಮಾದರಿ ಕೊಡಬೇಕು. ಅದರಲ್ಲಿರುವ ಸದ್ದನ್ನು ಅದು ಇಡೀ ಹಾಡಿನಿಂದ ತಗ್ಗಿಸುತ್ತದೆ. ನೀಲಗಾರರು ಉಸಿರೆಳೆದುಕೊಳ್ಳುವಾಗಲೂ ತಂಬೂರಿ ಮಿಡಿಯುತ್ತಲೇ ಇರುತ್ತದೆ. ಆ ಜಾಗವನ್ನು ಮಾದರಿ ಮಾಡಿದರೆ ಫ್ಯಾನಿನ ಸದ್ದಿನ ಜೊತೆ ಶ್ರುತಿಯೂ ತೊಳೆದುಹೋಗಿ, ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ. ಅದಕ್ಕೇ ತಂಬೂರಿ ಕೈಗೆತ್ತಿಕೊಳ್ಳುವ ಮುಂಚೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಕೋಣೆಯ ಸದ್ದನ್ನಷ್ಟೇ ಹಿಡಿದಿಡುತ್ತೇನೆ.

ಕಂಸಾಳೆಯ ಪೇಚು ಬೇರೆ. ಕಂಚು ಕಂಚಿಗೆ ತಾಗುವ ಮೊದಲ ಏಟು ಬಲು ಚೂಪು. ಮಟ್ಟ ಮೀರಿದರೆ ಟೇಪು ಅದನ್ನು ಮೆತ್ತಗೆ ದುಂಡಗಾಗಿಸುತ್ತಿತ್ತು. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ ಮೀರಿದೊಡನೆ ತುದಿ ಕತ್ತರಿಸಿಹೋಗಿ ಒಡಕು ಸದ್ದು. ಇನ್ನು ಲಯದ ವಿಚಾರ: ಒಂದೇ ಗತಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕಿಗೆ ಹಾಡನ್ನು ಕೂರಿಸಿಕೊಡಿ ಎನ್ನುವವರೂ ಇದ್ದಾರೆ. ಮಾದಪ್ಪನ ಪದ ನಿಧಾನವಾಗಿ ಎದ್ದು, ಕುಣಿತ ಏರಿದ ಹಾಗೆ ಓಡುತ್ತದೆ. ಆ ಓಟವನ್ನು ಗೆರೆಗೆಳೆದು ಸಮ ಮಾಡಲು ನಾನು ಒಪ್ಪುವುದಿಲ್ಲ.

ಪ್ರತಿ ಸಲವೂ ಎರಡು ಪ್ರತಿ ಮಾಡುತ್ತೇನೆ. ತಿದ್ದಿದ್ದು ಕೇಳುಗರಿಗೆ. ತಿದ್ದದೇ ಉಳಿಸಿದ್ದು ಹಾಡಿದವರ ಮನೆಗೆ. ಅವರ ಮಕ್ಕಳು ಹಿಮ್ಮೇಳ ಎಲ್ಲಿ ಹಿಡಿಯಬೇಕೆಂದು ಕಲಿಯುವುದು ಅದರಿಂದ.