ಮದುವೆಯ ಉಡುಗೊರೆ: ಮನೆಗೆ ಒದಗುವ ವಸ್ತುಗಳು ಮತ್ತು ಎರಡು ಪಟ್ಟಿಗಳು

ಮದುವೆಗೆ ಹೋಗುವವರಿಗೆ ಏನು ಕೊಡಬೇಕೆಂಬ ಚಿಂತೆ. ಮದುವೆಯಾದವರಿಗೆ ಬಂದದ್ದನ್ನು ಎಲ್ಲಿಡಬೇಕೆಂಬ ಚಿಂತೆ. ಆರತಕ್ಷತೆಯ ಮರುದಿನ ಬಣ್ಣದ ಕಾಗದಗಳನ್ನು ಬಿಚ್ಚಿದಾಗ ಮೂರು ಗೋಡೆ ಗಡಿಯಾರಗಳು, ನಾಲ್ಕು ಲೆಮನ್ ಸೆಟ್‌ಗಳು, ಎರಡು ಹಾಟ್‌ಬಾಕ್ಸ್‌ಗಳು ಹೊರಬರುತ್ತವೆ. ಆದರೆ ಹೊಸ ಮನೆಯಲ್ಲಿ ಮೊದಲ ದಿನ ಸಾರಿಗೆ ಒಗ್ಗರಣೆ ಹಾಕಲು ಸೌಟು ಇರುವುದಿಲ್ಲ. ಕೊಟ್ಟವರ ಪ್ರೀತಿಗಾಗಲಿ ಖರ್ಚು ಮಾಡಿದ ಹಣಕ್ಕಾಗಲಿ ಇಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಮಾಹಿತಿಗೆ. ಅಮೆರಿಕದಲ್ಲಿ ಈ ತೊಡಕಿಗೆ ಅಂಗಡಿಗಳೇ ಪರಿಹಾರ ಹುಡುಕಿದವು. ಚಿಕಾಗೋ ನಗರದ ಮಾರ್ಷಲ್ ಫೀಲ್ಡ್ಸ್ ಮಳಿಗೆಯು 1924ರಲ್ಲಿ ಮದುಮಗಳು ತನಗೆ ಬೇಕಾದ ವಸ್ತುಗಳನ್ನು ಮುಂಚಿತವಾಗಿ ಬರೆಯಿಸಿಡುವ ಪದ್ಧತಿಯನ್ನು ಆರಂಭಿಸಿತು. ಅಲ್ಲಿ ನೆಲೆಸಿದ ನಮ್ಮ ಬಂಧುಗಳ ಮಕ್ಕಳಿಗೆ ಇದು ಸಹಜ ಸಂಗತಿ. ಹೈದರಾಬಾದಿನ ನಮಗೆ ಮಾತ್ರ ‘ಕೇಳಿ ಪಡೆಯುವುದೇ?’ ಎಂಬ ಸಂಕೋಚ ಇನ್ನೂ ಇದೆ.

ವಾಸ್ತವವಾಗಿ ಉಡುಗೊರೆಯನ್ನು ಬರೆದಿಡುವುದು ನಮಗೆ ಹೊಸತಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಇದು ಮುಯ್ಯಿ, ಉತ್ತರ ಕರ್ನಾಟಕದಲ್ಲಿ ಆಯೇರಿ. ನಮ್ಮ ನೆರೆಯ ತೆಲುಗರು ಇದನ್ನು ಚದಿವಿಂಪುಲು ಎನ್ನುತ್ತಾರೆ. ಆ ಮಾತಿನಲ್ಲಿಯೇ ‘ಓದಿಸುವುದು’ ಎಂಬ ಅರ್ಥ ಅಡಗಿದೆ. ಮಂಟಪದ ಬದಿಯಲ್ಲಿ ಒಬ್ಬ ಹಿರಿಯರು ಪುಸ್ತಕ ಹಿಡಿದು ಕುಳಿತು, ಇಂಥವರಿಂದ ಇಷ್ಟು ರೂಪಾಯಿ, ಇಂಥವರಿಂದ ಒಂದು ಕೊಡ, ಒಂದು ತಟ್ಟೆ ಎಂದು ಬರೆದುಕೊಳ್ಳುತ್ತಿದ್ದರು. ಆ ಪುಸ್ತಕ ಮುಂದೆ ಅವರ ಮನೆಯ ಶುಭಕಾರ್ಯ ಬಂದಾಗ ಮರಳಿ ತೆರೆಯುತ್ತಿತ್ತು. ಬಂದದ್ದಕ್ಕೆ ಸಮನಾಗಿ ಅಥವಾ ತುಸು ಹೆಚ್ಚಾಗಿ ಹಿಂದಿರುಗಿಸುವುದೇ ಮುಯ್ಯಿಯ ಧರ್ಮ. ಆ ಪುಸ್ತಕ ಕೊಟ್ಟ ನಂತರ ಬರೆಯುವಂಥದು. ಈಗ ಹೇಳಹೊರಟಿರುವ ಪಟ್ಟಿ ಕೊಡುವ ಮುನ್ನ ಬರೆಯುವಂಥದು. ನಮ್ಮ ಅಭಿಪ್ರಾಯದಲ್ಲಿ ಎರಡೂ ಬೇಕು. ಮೊದಲನೆಯದು ಅಲಮಾರಿನ ಜಾಗವನ್ನು ಉಳಿಸುತ್ತದೆ. ಎರಡನೆಯದು ಮನೆಮಗಳ ಹಕ್ಕನ್ನು ಕಾಯುತ್ತದೆ.

ಮೊದಲ ಪಟ್ಟಿ ಯಾರ ಕೈಯಲ್ಲಿರಬೇಕು?

ಬೇಕಾದ ವಸ್ತುಗಳ ಪಟ್ಟಿಯನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ನಮ್ಮಲ್ಲಿ ಶೋಭಿಸದು. ಸೋದರತ್ತೆ, ಚಿಕ್ಕಮ್ಮ ಅಥವಾ ಮದುಮಗಳ ಅಕ್ಕ, ಹೀಗೆ ಎಲ್ಲರೊಡನೆ ಸಲಿಗೆಯಿರುವ ಒಬ್ಬರ ಬಳಿ ಪಟ್ಟಿ ಇರಲಿ. ‘ಏನು ಕೊಡಲಿ, ನೀವೇ ಹೇಳಿ’ ಎಂದು ಕೇಳಿದವರಿಗೆ ಮಾತ್ರ ಅವರು ಅದರಿಂದ ಒಂದೆರಡು ಹೆಸರುಗಳನ್ನು ಸೂಚಿಸಿ, ಒಪ್ಪಿದ ಕೂಡಲೇ ಗುರುತು ಹಾಕಿಕೊಂಡರೆ ಒಂದೇ ವಸ್ತು ಎರಡು ಬಾರಿ ಬರುವುದಿಲ್ಲ. ಪಟ್ಟಿಯಲ್ಲಿ ನೂರಿನ್ನೂರು ರೂಪಾಯಿಯ ವಸ್ತುಗಳೂ ಧಾರಾಳವಾಗಿರಬೇಕು. ಕಾಲೇಜಿನ ಗೆಳತಿಗೂ ಮನೆಗೆಲಸದಾಕೆಗೂ ಕೊಡುವ ಸಂತೋಷ ಸಿಗಬೇಡವೇ?

ಇಲ್ಲೊಂದು ಎಚ್ಚರಿಕೆಯ ಮಾತು. ಈ ಪಟ್ಟಿ ಬಂಧುಮಿತ್ರರಿಗಾಗಿ ಮಾತ್ರ. ವರನ ಕಡೆಯವರು ಹೆಣ್ಣಿನ ತಂದೆತಾಯಿಗಳ ಕೈಗೆ ‘ಫ್ರಿಜ್ಜು, ವಾಷಿಂಗ್ ಮೆಷಿನ್ನು, ಸೋಫಾ’ ಎಂದು ಚೀಟಿ ಕೊಟ್ಟರೆ ಅದು ಉಡುಗೊರೆಯ ಪಟ್ಟಿಯಲ್ಲ, ವರದಕ್ಷಿಣೆಯ ಬೇಡಿಕೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ 4ನೆಯ ಕಲಮಿನಂತೆ ಬೇಡಿಕೆಯೊಂದಕ್ಕೇ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷಗಳವರೆಗಿನ ಸೆರೆವಾಸವಿದೆ. ‘ನಾವೇನೂ ಕೇಳಲಿಲ್ಲ, ಮನೆಗೆ ಬೇಕಾದದ್ದನ್ನು ಹೇಳಿದೆವಷ್ಟೇ’ ಎಂಬ ಜಾಣ್ಮೆಯ ಮಾತನ್ನು ನಾವೆಲ್ಲರೂ ಎಲ್ಲಿಯಾದರೂ ಕೇಳಿಯೇ ಇರುತ್ತೇವೆ.

ಅಡುಗೆಮನೆಯ ಆಯ್ಕೆ

ಹೈದರಾಬಾದಿನ ಕನ್ನಡಿಗರ ಅಡುಗೆಮನೆ ಒಂದೇ ಬಗೆಯದಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆ ಕಡೆಯಿಂದ ಬಂದ ಮನೆಗಳಲ್ಲಿ ಜೋಳದ ರೊಟ್ಟಿಗೆ ಅಗ್ರಸ್ಥಾನ. ಮೈಸೂರು, ಕರಾವಳಿಗಳಿಂದ ನೌಕರಿಗೂ ಹೋಟೆಲ್ ಉದ್ಯಮಕ್ಕೂ ಬಂದ ಮನೆಗಳಲ್ಲಿ ಇಡ್ಲಿ, ದೋಸೆ, ಫಿಲ್ಟರ್ ಕಾಫಿ. ಈಚೆಗೆ ಸೊಸೆಯೋ ಅಳಿಯನೋ ತೆಲುಗರಾಗಿದ್ದರೆ ಬೇಸಿಗೆಯ ಆವಕಾಯಿಗೆ ಪಿಂಗಾಣಿ ಜಾಡಿಯೂ ಬೇಕು. ಆದ್ದರಿಂದ ಆ ಇಬ್ಬರು ದಿನವೂ ಏನು ಉಣ್ಣುತ್ತಾರೆ ಎಂಬ ಪ್ರಶ್ನೆಯಿಂದಲೇ ಪಟ್ಟಿ ಆರಂಭವಾಗಲಿ.

ರೊಟ್ಟಿಯ ಮನೆಗೆ ದಪ್ಪ ಕಬ್ಬಿಣದ ಹಂಚಿಗಿಂತ ಒಳ್ಳೆಯ ಉಡುಗೊರೆ ಇಲ್ಲ. ಬೀಡು ಕಬ್ಬಿಣದ ಕಾವಲಿಯನ್ನು ಎಣ್ಣೆ ಸವರಿ ಕೆಲವು ಬಾರಿ ಕಾಯಿಸಿ ಪಳಗಿಸಿ ಕೊಟ್ಟರಂತೂ ಅದು ತಲೆಮಾರುಗಳವರೆಗೆ ಬಾಳುತ್ತದೆ. ದೋಸೆಯ ಕಾವಲಿ ಬೇರೆಯೇ ಇರಬೇಕು. ರೊಟ್ಟಿ ಮಾಡಿದ ಹಂಚಿನ ಮೇಲೆ ದೋಸೆ ಏಳುವುದಿಲ್ಲವೆಂಬುದು ಅಡುಗೆ ಬಲ್ಲವರಿಗೆಲ್ಲ ತಿಳಿದದ್ದೇ. ಪಡ್ಡಿನ ಹಂಚು, ಚಕ್ಕುಲಿ ಒರಳು, ತುರಿಮಣೆ, ಒಗ್ಗರಣೆ ಡಬ್ಬಿ, ಹಿತ್ತಾಳೆ ಅಥವಾ ಸ್ಟೀಲಿನ ಕಾಫಿ ಫಿಲ್ಟರ್ ಇವೆಲ್ಲ ಅಗ್ಗದ ವಸ್ತುಗಳು. ಆದರೆ ಯಾರೂ ಕೊಡದ ಕಾರಣ ಹೊಸ ಸಂಸಾರದವರು ಮೊದಲ ತಿಂಗಳಲ್ಲಿ ತಾವೇ ಕೊಳ್ಳುವಂಥವು.

ಪ್ರೆಷರ್ ಕುಕ್ಕರ್ ಎಲ್ಲರೂ ಕೊಡುವ ವಸ್ತು. ಇಬ್ಬರ ಮನೆಗೆ ಮೂರು ಲೀಟರಿನದೊಂದು, ಅತಿಥಿಗಳು ಬಂದಾಗಿನ ಉಪಯೋಗಕ್ಕೆ ಐದು ಲೀಟರಿನದೊಂದು ಸಾಕು. ಗೃಹಬಳಕೆಯ ಪ್ರೆಷರ್ ಕುಕ್ಕರುಗಳಿಗೆ 2021ರ ಫೆಬ್ರವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯಗೊಂಡಿತು. ಅದಿಲ್ಲದ್ದನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ತಳ ಇಂಡಕ್ಷನ್ ಒಲೆಗೆ ಹೊಂದುವಂಥದೇ ಎಂದು ವಿಚಾರಿಸಿ. ಬಾಡಿಗೆ ಮನೆ ಬದಲಾಯಿಸುವಾಗ ಗ್ಯಾಸ್ ಸಂಪರ್ಕ ಬರುವವರೆಗೆ ಅನೇಕರಿಗೆ ಆ ಒಲೆಯೇ ಗತಿ, ಮತ್ತು ಬರಿಯ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದಿಲ್ಲ.

ಮಿಕ್ಸರ್ 750 ವಾಟಿನದು, ಚಟ್ನಿಯ ಸಣ್ಣ ಜಾರ್ ಸಹಿತ ಇದ್ದರೆ ತೆಂಗಿನಕಾಯಿ ಮಸಾಲೆಗೂ ದೋಸೆ ಹಿಟ್ಟಿಗೂ ಒದಗುತ್ತದೆ. ವೆಟ್ ಗ್ರೈಂಡರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ಕಲ್ಲಿನ ಭಾರದ ಆ ಯಂತ್ರವನ್ನು ಎತ್ತಿ ಇಡಲು ಕೊಂಡಾಪುರ, ಮಿಯಾಪುರದ ಅಪಾರ್ಟ್‌ಮೆಂಟಿನ ಅಡುಗೆಕಟ್ಟೆಯಲ್ಲಿ ಸ್ಥಳವಿರುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಹಿಟ್ಟು ಪಕ್ಕದ ಅಂಗಡಿಯಿಂದಲೇ ಬರುತ್ತದೆ. ವಾರಕ್ಕೆರಡು ಸಲ ಇಡ್ಲಿ ಮಾಡುವ ಮನೆಯೆಂದು ಖಚಿತವಿದ್ದರೆ ಮಾತ್ರ ಕೊಡಿರಿ.

ಸ್ಟೀಲ್, ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಬೇಗಂ ಬಜಾರಿನ ಸಗಟು ಅಂಗಡಿಗಳು ಇಂದಿಗೂ ಪ್ರಸಿದ್ಧ. ಅಲ್ಲಿ ತೂಕದ ಲೆಕ್ಕದಲ್ಲಿ ಕೊಳ್ಳುವ ರೂಢಿಯಿರುವುದರಿಂದ ದಪ್ಪ ಪಾತ್ರೆಗೆ ಬೆಲೆ ಹೆಚ್ಚು. ಆ ಹೆಚ್ಚಳ ವ್ಯರ್ಥವಲ್ಲ. ತೆಳು ತಳದ ಪಾತ್ರೆಯಲ್ಲಿ ಹಾಲು ಹತ್ತುತ್ತದೆ, ಪಾಯಸ ಸೀಯುತ್ತದೆ. ಅಯಸ್ಕಾಂತ ಹಿಡಿಯಿತೆಂದು ಕಳಪೆಯೆಂದು ತಿಳಿಯಬೇಕಾಗಿಲ್ಲ. ಇಂಡಕ್ಷನ್ ತಳಕ್ಕೆ ಆ ಗುಣವೇ ಬೇಕು. ಹಿತ್ತಾಳೆ ಪಾತ್ರೆ ನೋಟಕ್ಕೆ ಚೆಂದ, ಬಾಳಿಕೆಯೂ ಹೆಚ್ಚು, ಆದರೆ ಕಲಾಯಿಯಿಲ್ಲದೆ ಅದರಲ್ಲಿ ಹುಣಿಸೆಹುಳಿಯ ಅಡುಗೆ ಮಾಡುವಂತಿಲ್ಲ. ಕಲಾಯಿ ಹಾಕುವವರು ಈಗ ಬೀದಿಗೆ ಬರುವುದೂ ಅಪರೂಪ. ಕೊಡುವವರೇ ಕಲಾಯಿ ಹಾಕಿಸಿ ಕೊಡುವುದು ಲೇಸು.

ದೊಡ್ಡ ವಸ್ತುಗಳು

ಫ್ರಿಜ್, ವಾಷಿಂಗ್ ಮೆಷಿನ್, ಗೀಸರ್ ಮುಂತಾದವನ್ನು ಮನೆ ಗೊತ್ತಾಗುವ ಮೊದಲು ಕೊಳ್ಳುವುದು ಬೇಡ. ಬಾಗಿಲಿನ ಅಗಲ, ನಲ್ಲಿಯ ಸ್ಥಾನ ಇವೆಲ್ಲಕ್ಕಿಂತ ಹೈದರಾಬಾದಿನಲ್ಲಿ ಮುಖ್ಯವಾದದ್ದು ನೀರು. ಒಂದು ಬಡಾವಣೆಗೆ ಕೃಷ್ಣಾ, ಗೋದಾವರಿ ಅಥವಾ ಮಂಜೀರಾ ನೀರು ಬಂದರೆ ಇನ್ನೊಂದಕ್ಕೆ ಬೋರ್‌ವೆಲ್ಲು, ಬೇಸಿಗೆಯಲ್ಲಿ ಟ್ಯಾಂಕರು. ಗಡಸು ನೀರಿನಲ್ಲಿ ಗೀಸರಿನ ಕಾಯ್ಲಿಗೆ ಸುಣ್ಣದ ಪೊರೆ ಕಟ್ಟುತ್ತದೆ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರವನ್ನೂ ನೀರಿನ ಗುಣ ತಿಳಿಯದೆ ಕೊಡಬಾರದು. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆಯಿರುವಲ್ಲಿ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ 2019ರಲ್ಲಿ ಹೇಳಿದೆ. ಅದು ಶುದ್ಧೀಕರಿಸುವುದರ ಜೊತೆಗೆ ಬಹಳಷ್ಟು ನೀರನ್ನು ಚೆಲ್ಲುತ್ತದೆ. ಇಂಥ ಬೆಲೆಬಾಳುವ ವಸ್ತುಗಳಿಗೆ ನಾಲ್ಕೈದು ಕುಟುಂಬಗಳು ಪಾಲು ಹಾಕಿ ಮೊತ್ತವನ್ನು ಒಟ್ಟಾಗಿ ಕೊಟ್ಟು, ಮನೆ ಸಿಕ್ಕ ಮೇಲೆ ದಂಪತಿಗಳೇ ಆರಿಸಿಕೊಳ್ಳಲು ಬಿಡುವುದು ಉತ್ತಮ. ಬಿಎಲ್‌ಡಿಸಿ ಮೋಟಾರಿನ ಫ್ಯಾನು ಮಾತ್ರ ಇದಕ್ಕೆ ಹೊರತು. ಹಳೆಯ ಬಗೆಯ ಫ್ಯಾನು ಸುಮಾರು 75 ವಾಟ್ ಬಳಸಿದರೆ ಇದು ಅದರ ಅರ್ಧಕ್ಕಿಂತ ಕಡಿಮೆ ಬಳಸುತ್ತದೆ, ಮನೆ ಬದಲಾಯಿಸಿದಾಗ ಕಳಚಿ ಒಯ್ಯಲೂಬಹುದು.

ವಿದ್ಯುತ್ ಉಪಕರಣ ಯಾವುದೇ ಇರಲಿ, ಬಿಲ್ಲನ್ನು ಪೆಟ್ಟಿಗೆಯೊಳಗೇ ಇಡಿ. ಬೆಲೆ ಕಾಣುತ್ತದೆಂಬ ದಾಕ್ಷಿಣ್ಯದಿಂದ ಬಿಲ್ಲು ಹರಿದು ಕೊಟ್ಟ ಮಿಕ್ಸರ್ ಕೆಟ್ಟಾಗ ವಾರಂಟಿಯ ಪ್ರಯೋಜನ ಸಿಗುವುದು ಕಷ್ಟ.

ಎರಡನೆಯ ಪಟ್ಟಿ: ಬಂದದ್ದರ ದಾಖಲೆ

ಮದುವೆಯ ಗಡಿಬಿಡಿಯಲ್ಲಿ ಬಹುತೇಕ ಕುಟುಂಬಗಳು ಮರೆಯುವುದು ಇದನ್ನೇ. ಬಂದ ಉಡುಗೊರೆಗಳ ಪಟ್ಟಿ ಮಾಡಬೇಕೆಂಬುದು ಕಾನೂನಿನ ವಿಧಿ. 1985ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ವಧುವಿಗೆ ಬಂದದ್ದರ ಪಟ್ಟಿಯನ್ನು ವಧುವೂ ವರನಿಗೆ ಬಂದದ್ದರ ಪಟ್ಟಿಯನ್ನು ವರನೂ ಇಟ್ಟುಕೊಳ್ಳಬೇಕು. ಮದುವೆಯ ಸಮಯದಲ್ಲಿ ಅಥವಾ ಆದಷ್ಟು ಬೇಗನೆ ಅದನ್ನು ಬರವಣಿಗೆಯಲ್ಲಿ ಸಿದ್ಧಪಡಿಸಿ, ವಸ್ತುವಿನ ಸಂಕ್ಷಿಪ್ತ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಬಂಧುಗಳಾಗಿದ್ದರೆ ಸಂಬಂಧ ಇವನ್ನು ಬರೆದು, ವಧೂವರರಿಬ್ಬರೂ ಸಹಿ ಹಾಕಬೇಕು. ಕೇಳದೆಯೇ ಪ್ರೀತಿಯಿಂದ ಕೊಟ್ಟ ಉಡುಗೊರೆಯನ್ನು ಕಾನೂನು ವರದಕ್ಷಿಣೆಯಿಂದ ಬೇರ್ಪಡಿಸುವುದು ಈ ಪಟ್ಟಿಯ ಆಧಾರದಿಂದಲೇ. ವಧುವಿನ ಕಡೆಯವರು ಕೊಟ್ಟದ್ದು ರೂಢಿಗೆ ತಕ್ಕದ್ದಾಗಿ, ಕೊಟ್ಟವರ ಆರ್ಥಿಕ ಶಕ್ತಿಗೆ ಮೀರದಂತೆಯೂ ಇರಬೇಕು.

ಹೆಣ್ಣಿಗೆ ಬಂದದ್ದು ಹೆಣ್ಣಿನದೇ ಎಂಬ ವಿಚಾರ ಇಂದಿನದಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಅದು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮದುವೆಯ ಕಾಲದಲ್ಲಿ ತವರಿನವರೂ ಬಂಧುಗಳೂ ಕೊಟ್ಟದ್ದಷ್ಟೇ ಸ್ತ್ರೀಧನವೆಂಬ ಕಿರಿದಾದ ಅರ್ಥವನ್ನು ಆತನು ವಿಸ್ತರಿಸಿ, ವಾರಸು, ಕ್ರಯ ಮುಂತಾದವುಗಳಿಂದ ಬಂದದ್ದನ್ನೂ ಅದರಲ್ಲಿ ಸೇರಿಸಿದನು. 1985ರಲ್ಲಿ ಪ್ರತಿಭಾರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ತ್ರೀಧನದ ಸಂಪೂರ್ಣ ಒಡೆತನ ಹೆಂಡತಿಯದೇ, ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಅದು ಜಂಟಿ ಸ್ವತ್ತಾಗದು ಎಂದು ತೀರ್ಪಿತ್ತಿತು. ಆದರೆ ವಿವಾದ ಬಂದ ದಿನ, ಅತ್ತೆಯ ಮನೆಯ ಅಟ್ಟದ ಮೇಲಿರುವ ಹಂಡೆ ತನ್ನದೆಂದು ಆಕೆ ತೋರಿಸುವುದು ಹೇಗೆ? ಸಹಿ ಮಾಡಿದ ಒಂದು ಹಾಳೆ ಇದ್ದರೆ ಆ ಮಾತು ಬೇಗ ಮುಗಿಯುತ್ತದೆ. ಶುಭಕಾರ್ಯದ ಹೊತ್ತಿಗೆ ಇಂಥ ಮಾತೇಕೆ ಎನ್ನುವ ಹಿರಿಯರಿದ್ದಾರೆ. ಮುಯ್ಯಿ ಪುಸ್ತಕ ಬರೆದದ್ದೂ ಮಂಟಪದಲ್ಲಿಯೇ ಎಂದು ಅವರಿಗೆ ನೆನಪಿಸಬಹುದು.

ಇದೇ ಹಾಳೆ ತೆರಿಗೆಯ ವಿಷಯದಲ್ಲಿಯೂ ಒದಗುತ್ತದೆ. ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಬಂದ ಉಡುಗೊರೆಗೆ ಆದಾಯ ತೆರಿಗೆಯಿಲ್ಲ. ಈ ವಿನಾಯಿತಿ ಮದುವೆಯಾದವರಿಗೆ ಮಾತ್ರ, ಅವರ ತಂದೆತಾಯಿಗಳ ಹೆಸರಿಗೆ ಬಂದದ್ದಕ್ಕೆ ಅನ್ವಯಿಸದು.

ಪಟ್ಟಿಯ ಎರಡು ಪ್ರತಿಗಳನ್ನು ಮಾಡಿ ಒಂದನ್ನು ತವರಿನಲ್ಲಿಯೂ ಇನ್ನೊಂದನ್ನು ವಧುವಿನ ಸ್ವಂತ ಕಡತದಲ್ಲಿಯೂ ಇಡಬೇಕು. ಬಿಲ್ಲುಗಳನ್ನು ಅದಕ್ಕೇ ಲಗತ್ತಿಸಿರಿ. ಪಾತ್ರೆಗಳಿಗೆ ಹಳೆಯ ಉಪಾಯವೊಂದು ಈಗಲೂ ಇದೆ. ಪಾತ್ರೆ ಅಂಗಡಿಯಲ್ಲಿ ಕೊಳ್ಳುವಾಗಲೇ ಹೆಸರು ಕೆತ್ತಿಕೊಡುತ್ತಾರೆ. ಕೊಡುವವರು ತಮ್ಮ ಹೆಸರನ್ನು ದೊಡ್ಡದಾಗಿ ಬರೆಯಿಸುವ ಬದಲು ಮದುಮಗಳ ಹೆಸರನ್ನೂ ಮದುವೆಯ ತಾರೀಖನ್ನೂ ತಳದ ಅಂಚಿನಲ್ಲಿ ಕೆತ್ತಿಸಿದರೆ ಸಾಕು.