ಬಾಲಪೋಷಣೆಯ ಸಂಶೋಧನೆಯಲ್ಲಿ ಒಂದು ಸಂಧಿಕಾಲ : 1973–74

ಸಂಶೋಧನ ಸಂಸ್ಥೆಗಳ ಇತಿಹಾಸವನ್ನು ಬರೆಯುವವರು ನಿರ್ದೇಶಕರ ಅಧಿಕಾರಾವಧಿಗಳನ್ನೇ ಅಧ್ಯಾಯಗಳಾಗಿ ವಿಭಜಿಸಿಕೊಳ್ಳುವುದು ವಾಡಿಕೆ. ಈ ಕ್ರಮವು ಅನುಕೂಲವಾದುದಾದರೂ ಎಲ್ಲೆಡೆಯೂ ಸತ್ಯಕ್ಕೆ ಸಮೀಪವಾದುದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 1973–74ರ ವೃತ್ತಾಂತವನ್ನು ಪರಿಶೀಲಿಸಿದರೆ, ವ್ಯಕ್ತಿಯ ಸ್ಥಾನವು ಬದಲಾದರೂ ಪ್ರಶ್ನೆಯ ಸ್ಥಾನವು ಕದಲದೆ ನಿಂತ ಉದಾಹರಣೆಯೊಂದು ದೊರೆಯುತ್ತದೆ.

ಈ ಸಂಸ್ಥೆಯು ಕೇವಲ ಮಕ್ಕಳಿಗಾಗಿ ಹುಟ್ಟಿದುದಲ್ಲ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಕೂನೂರಿನ ಪಾಸ್ತರ್ ಸಂಸ್ಥೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಸಣ್ಣ ಘಟಕವೇ ಇದರ ಮೂಲ. ಅದು ಮುಂದೆ ಪೋಷಣ ಸಂಶೋಧನಾಲಯವಾಗಿ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. 1960ರ ದಶಕದಲ್ಲಿ ಡಾ. ಸಿ. ಗೋಪಾಲನ್ ಅವರ ನಿರ್ದೇಶನದಲ್ಲಿ ಮಕ್ಕಳ ಅಪೋಷಣೆಯು ಅದರ ಅಧ್ಯಯನದ ಮುಖ್ಯ ವಿಷಯಗಳಲ್ಲಿ ಒಂದಾಯಿತು.

ಬೀದರ ಜಿಲ್ಲೆಯ ಹುಲಸೂರ, ಬಸವಕಲ್ಯಾಣ, ಹುಮನಾಬಾದ ಭಾಗದವರಿಗೆ ಈ ಇತಿಹಾಸವು ಪರಕೀಯವಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಊರುಗಳು ಹೈದರಾಬಾದ್ ಸಂಸ್ಥಾನಕ್ಕೂ ಅನಂತರ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದವು. ಅಂದು ಆಡಳಿತದ ಗಡಿ ಸರಿಯಿತು. ಊಟದ ಗಡಿ ಸರಿಯಲಿಲ್ಲ. ಜೋಳದ ರೊಟ್ಟಿ ಮತ್ತು ತೊಗರಿಬೇಳೆ ಗಡಿಯ ಎರಡು ಕಡೆಗೂ ಸಮಾನವಾಗಿಯೇ ಉಳಿದವು. ಜೋಳವನ್ನೇ ಅವಲಂಬಿಸಿದ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ರೋಗವನ್ನು ಕುರಿತು 1960ರಲ್ಲಿ ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ಜೊತೆಯಾಗಿ ಬರೆದು, ಆ ಧಾನ್ಯದಲ್ಲಿ ಅಧಿಕವಾಗಿರುವ ಲ್ಯೂಸೀನ್ ಎಂಬ ಅಮೈನೊ ಆಮ್ಲದತ್ತ ಬೆರಳು ಮಾಡಿದರು. ಈ ವಾದವು ಮುಂದೆ ಪ್ರಶ್ನೆಗೊಳಗಾಯಿತು. ಆದರೂ ದಖ್ಖನಿನ ಬಡವನ ತಟ್ಟೆಯಿಂದಲೇ ವಿಜ್ಞಾನದ ಪ್ರಶ್ನೆಯನ್ನು ಎತ್ತಿಕೊಳ್ಳುವ ಪದ್ಧತಿಯು ಅದರಿಂದ ದೃಢವಾಯಿತು.

ಆ ಕಾಲದಲ್ಲಿ ಲೋಕದ ವಿದ್ವಾಂಸರ ಮುಂದಿದ್ದ ಪ್ರಬಲ ಅಭಿಪ್ರಾಯವೇ ಬೇರೆ. ಬಡ ದೇಶಗಳ ಮಕ್ಕಳು ಸೊರಗುವುದಕ್ಕೆ ಪ್ರೋಟೀನಿನ ಕೊರತೆಯೇ ಮುಖ್ಯ ಕಾರಣವೆಂದು ನಂಬಲಾಗಿತ್ತು. ಸಮೀಪಿಸುತ್ತಿರುವ ಪ್ರೋಟೀನ್ ಸಂಕಟವನ್ನು ಕುರಿತು ವಿಶ್ವಸಂಸ್ಥೆಯೇ 1968ರಲ್ಲಿ ಎಚ್ಚರಿಕೆಯ ವರದಿಯನ್ನು ಹೊರಡಿಸಿತ್ತು. ಈ ನಂಬಿಕೆಯಿಂದ ಸಹಜವಾಗಿ ಹೊರಡುವ ಚಿಕಿತ್ಸೆಯೆಂದರೆ ಕಾರ್ಖಾನೆಯಲ್ಲಿ ಸಿದ್ಧವಾದ ವಿಶೇಷ ಆಹಾರ. ಅದೇ 1968ರಲ್ಲಿ ಗೋಪಾಲನ್ ಅವರು ಇದಕ್ಕೆ ವಿರುದ್ಧವಾದ ಮಾತನ್ನು ಮಂಡಿಸಿದರು : ಮೈ ಊದಿಕೊಳ್ಳುವ ಕ್ವಾಷಿಯೋರ್ಕರ್ ಮತ್ತು ಮೈ ಒಣಗುವ ಮರಾಸ್ಮಸ್ ಎಂಬ ಎರಡು ವ್ಯಾಧಿಗಳು ಒಂದೇ ಬಗೆಯ ಆಹಾರವನ್ನು ಉಣ್ಣುವ ಮಕ್ಕಳಲ್ಲಿಯೇ ಕಾಣುತ್ತವೆ; ಆದುದರಿಂದ ಎರಡಕ್ಕೂ ಎರಡು ಬೇರೆ ಬೇರೆ ಆಹಾರದೋಷಗಳನ್ನು ಕಲ್ಪಿಸುವುದು ಸಾಧುವಲ್ಲ.

ವಾದವನ್ನು ಪ್ರಯೋಗದಿಂದ ಪರೀಕ್ಷಿಸಿದ ಫಲಿತಾಂಶವು 1973ರಲ್ಲಿ ಪ್ರಕಟವಾಯಿತು. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಶಾಲೆಗೆ ಹೋಗುವ ವಯಸ್ಸನ್ನು ಇನ್ನೂ ತಲಪದ ಹಳ್ಳಿಯ ಮಕ್ಕಳಿಗೆ, ಮನೆಯ ಊಟದ ಮೇಲೆ ದಿನಕ್ಕೆ 310 ಕ್ಯಾಲೊರಿ ಶಕ್ತಿಯೂ ಕೇವಲ 3 ಗ್ರಾಂ ಪ್ರೋಟೀನೂ ಇರುವ ಪೂರಕಾಹಾರವನ್ನು ಒಂದು ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ಕೊಟ್ಟರು. ಹೋಲಿಕೆಗೆಂದು ಇರಿಸಿಕೊಂಡಿದ್ದ ಮಕ್ಕಳಿಗಿಂತ ಇವರು ಎತ್ತರದಲ್ಲಿಯೂ ತೂಕದಲ್ಲಿಯೂ ಸ್ಪಷ್ಟವಾಗಿ ಮುಂದೆ ಬಂದರು. ಇದರ ಅರ್ಥವು ಸರಳವಾದುದು : ಆ ಮಕ್ಕಳಿಗೆ ಮೊದಲು ಬೇಕಾಗಿದ್ದುದು ಬೇರೆ ಬಗೆಯ ಆಹಾರವಲ್ಲ, ಹೊಟ್ಟೆ ತುಂಬ ಆಹಾರ. ಮೈಯ ಶಕ್ತಿಗೆ ಸಾಲದಷ್ಟು ಉಂಡ ಮಗುವಿನಲ್ಲಿ ಇರುವ ಪ್ರೋಟೀನೂ ಉರುವಲಾಗಿ ಉರಿದುಹೋಗುತ್ತದೆ. 1972ರ ಬರದಿಂದ ದಖ್ಖನಿನ ಒಣಭೂಮಿ ಕಂಗೆಟ್ಟಿದ್ದ ಕಾಲದಲ್ಲಿ ಈ ಮಾತಿಗಿದ್ದ ತೂಕವನ್ನು ವಿವರಿಸಬೇಕಾಗಿಲ್ಲ.

1974ರಲ್ಲಿ ಗೋಪಾಲನ್ ಅವರು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಮಹಾನಿರ್ದೇಶಕರಾಗಿ ದೆಹಲಿಯಲ್ಲಿದ್ದರು. ಸಂಸ್ಥೆಯ ನಿರ್ದೇಶಕತ್ವವು ಶ್ರೀಕಂಠಯ್ಯ ಅವರಿಗೆ ಬಂದಿತು. ಹೊರಗಿನಿಂದ ಬಂದವರಲ್ಲ, ಪೆಲಾಗ್ರದ ಅಧ್ಯಯನದ ದಿನಗಳಿಂದ ಜೊತೆಗೆ ದುಡಿದವರು. ಮುಂದೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಇದೇ ಶಾಸ್ತ್ರದ ಸೇವೆ ಮಾಡಿದರೆಂಬುದು ಕನ್ನಡ ನಾಡಿಗೆ ಸ್ಮರಣೀಯ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಊಟವನ್ನು ಅಳೆಯಲು 1972ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪೋಷಣ ಪರಿವೀಕ್ಷಣ ಕೇಂದ್ರದ ಕೆಲಸ ನಿಲ್ಲಲಿಲ್ಲ. ಇರುಳುಗಣ್ಣು ಹಾಗೂ ಕುರುಡನ್ನು ತಡೆಯಲು ಒಂದರಿಂದ ಐದು ವರ್ಷದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ 'ಎ' ಜೀವಸತ್ವವನ್ನು ಕೊಡುವ, 1970ರಲ್ಲಿ ಆರಂಭವಾದ ಯೋಜನೆಯೂ ಮುಂದುವರಿಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾದಾಗ, ಮಗುವಿಗೆ ದಿನಕ್ಕೆ 300 ಕ್ಯಾಲೊರಿಯ ಪೂರಕಾಹಾರವು ಅದರ ಅಂಗವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದ ಸ್ಥಳ ತಿರುಮಕೂಡಲು ನರಸೀಪುರ.

ಈ ನಿರ್ಣಯದಲ್ಲಿ ಅತಿವ್ಯಾಪ್ತಿಯ ದೋಷ ಬರದಂತೆ ಎಚ್ಚರ ಅಗತ್ಯ. ಪ್ರೋಟೀನು ಬೇಡವೆಂದು 1973ರ ಪ್ರಯೋಗವು ಹೇಳಲಿಲ್ಲ. ಬೇಳೆ ಮತ್ತು ಹಾಲು ಮಗುವಿನ ತಟ್ಟೆಯಿಂದ ಜಾರಿದರೆ ಧಾನ್ಯವೊಂದೇ ಅದನ್ನು ಬೆಳೆಸಲಾರದು. ಹಸುಳೆಯ ಪುಟ್ಟ ಹೊಟ್ಟೆಗೆ ನೀರಾದ ಅಂಬಲಿಯಿಂದ ಸಾಕಷ್ಟು ಶಕ್ತಿ ದೊರೆಯುವುದೂ ಕಠಿನ. ಆದರೆ ಹೊಣೆಯು ಎಲ್ಲಿದೆಯೆಂಬುದನ್ನು ಆ ವರ್ಷವು ತೋರಿಸಿಕೊಟ್ಟಿತು. ಕೊರತೆಯು ಒಂದು ವಿಶೇಷ ದ್ರವ್ಯದ್ದಾಗಿದ್ದರೆ ಅದನ್ನು ಡಬ್ಬಿಯಲ್ಲಿ ತಂದು ಹಂಚಬಹುದಿತ್ತು. ಅದು ಊಟದ್ದೇ ಆಗಿರುವಾಗ ಕೂಲಿ, ಬೆಳೆ, ಮಳೆ, ತಾಯಿಯ ಬಿಡುವು ಇವೆಲ್ಲವೂ ಬಾಲವೈದ್ಯದ ವಿಷಯಗಳಾಗುತ್ತವೆ. ನಿರ್ದೇಶಕರ ಪಟ್ಟಿಯಲ್ಲಿ 1974 ಒಂದು ಹೆಸರಿನ ಬದಲಾವಣೆ ಮಾತ್ರ. ಹುಲಸೂರಿನಂಥ ಊರಿನ ಜೋಳದ ಹೊಲದಿಂದ ನೋಡುವವರಿಗೆ, ಮಗುವಿನ ಹಸಿವನ್ನು ಹಸಿವೆಂದೇ ಕರೆಯುವ ಧೈರ್ಯವನ್ನು ವಿಜ್ಞಾನವು ತೋರಿದ ಕಾಲ ಅದು.